ಬಯಲಾಟದ ಬೆಳಕಿನಲ್ಲಿ ಬೆಳೆದ ನಾಟಕಕಾರ: ಡಾ. ಚಂದ್ರಶೇಖರ ಕಂಬಾರ

ಡಾ. ಚಂದ್ರಶೇಖರ ಕಂಬಾರರು ಕನ್ನಡದ ಹಿರಿಯ ನಾಟಕಕಾರರು, ಕವಿಗಳು, ಕಾದಂಬರಿಕಾರರು, ಚಲನಚಿತ್ರ ನಿರ್ದೇಶಕರು ಹಾಗೂ ಜಾನಪದ ವಿದ್ವಾಂಸರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾಗಿ, ಆ ಗೌರವವನ್ನು ಪಡೆದ ಎಂಟನೆಯ ಕನ್ನಡ ಸಾಹಿತಿಯೆನಿಸಿದರು. ಉತ್ತರ ಕರ್ನಾಟಕದ ಬಯಲಾಟವನ್ನು ಆಧುನಿಕ ರಂಗಭೂಮಿಗೆ ತಂದವರು ಎಂಬ ಮಾತು ಅವರ ಬಗ್ಗೆ ಪದೇ ಪದೇ ಕೇಳಿಬರುತ್ತದೆ. ಮಾತು ನಿಜ, ಆದರೆ ಅರ್ಧ ನಿಜ. ಬಯಲಾಟದಿಂದ ಅವರು ಪಡೆದದ್ದೇನು, ಪಡೆದುದಕ್ಕೆ ಪ್ರತಿಯಾಗಿ ಬಯಲಾಟಕ್ಕೆ ಹಿಂದಿರುಗಿಸಿದ್ದೇನು ಎಂದು ಕೇಳಿಕೊಂಡಾಗಲೇ ಅವರ ಬದುಕಿನ ಪೂರ್ಣ ಚಿತ್ರ ಕಾಣುತ್ತದೆ. ಆ ಬದುಕಿನ ಮೊದಲ ಅಧ್ಯಾಯದಲ್ಲಿ ಒಂದು ಮಠವೂ ಇದೆ.

ಕಂಬಾರರು ಹುಟ್ಟಿದ್ದು 1937ರ ಜನವರಿ 2ರಂದು, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಘಟಪ್ರಭೆಯ ದಂಡೆಯ ಊರು. ಮನೆತನದ ಕಸುಬು ಕಮ್ಮಾರಿಕೆ. ಅವರ ಹೆಸರಿನ ಕೊನೆಯಲ್ಲಿರುವ ‘ಕಂಬಾರ’ ಎಂಬುದು ಆ ಕಸುಬನ್ನೇ ಸೂಚಿಸುತ್ತದೆ. ಕುಲುಮೆಯ ಬೆಂಕಿಯಲ್ಲಿ ಕುಳ, ಕುಡುಗೋಲು, ಕುರ್ಚಿಗೆಗಳು ಹದಗೊಳ್ಳುತ್ತಿದ್ದ ಮನೆಯಲ್ಲಿ ಪುಸ್ತಕಕ್ಕೆ ಹಣವಿರಲಿಲ್ಲ. ಬಾಲಕನಿಗೆ ಓದಿನ ಹಂಬಲವಿದ್ದರೂ ಬಡತನದ ದೆಸೆಯಿಂದ ಶಾಲೆ ಬಿಡಬೇಕಾಯಿತು.

ಆಗ ಕೈಹಿಡಿದವರು ಗೋಕಾಕ ಸೀಮೆಯ ಸಾವಳಗಿ ಶ್ರೀ ಶಿವಲಿಂಗೇಶ್ವರ ಮಠದ ಜಗದ್ಗುರು ಸಿದ್ಧರಾಮ ಮಹಾಸ್ವಾಮಿಗಳು. ಬಾಲಕನನ್ನು ಹರಸಿ, ಅವನ ಪ್ರೌಢಶಾಲೆಯ ವಿದ್ಯಾಭ್ಯಾಸದ ವೆಚ್ಚವನ್ನೆಲ್ಲ ಪೂಜ್ಯರು ಮಠದಿಂದಲೇ ಭರಿಸಿದರು. ಗೋಕಾಕದ ಪುರಸಭೆಯ ಪ್ರೌಢಶಾಲೆಯಲ್ಲಿ ಓದು ಮುಂದುವರಿಯಿತು. ಮಠಗಳ ದಾಸೋಹವೆಂದರೆ ಪಂಕ್ತಿಯಲ್ಲಿ ಬಡಿಸುವ ಅನ್ನವಷ್ಟೇ ನಮ್ಮ ಕಣ್ಮುಂದೆ ಬರುತ್ತದೆ. ಪ್ರಸಾದನಿಲಯಗಳಲ್ಲಿ ಉಂಡು ಓದಿ ಮುಂದೆ ಬಂದ ಸಾವಿರಾರು ಮಕ್ಕಳ ಕಥೆಗಳು ಎಲ್ಲಿಯೂ ಬರೆದಿಡಲ್ಪಟ್ಟಿಲ್ಲ. ಆ ಸಾಲಿನಲ್ಲಿದ್ದ ಒಬ್ಬ ಕಮ್ಮಾರರ ಹುಡುಗನ ಕಥೆ ಮಾತ್ರ, ಅವನು ಮುಂದೆ ಕಥೆಗಾರನಾದುದರಿಂದ, ಲೋಕಕ್ಕೆ ತಿಳಿಯಿತು. ಸ್ವಾಮಿಗಳು ಆ ಹುಡುಗನ ಕುಲವನ್ನು ಕೇಳಲಿಲ್ಲ ಎನ್ನುವುದನ್ನು ಹೆಚ್ಚುಗಾರಿಕೆಯೆಂದು ಇಲ್ಲಿ ಹೇಳಬೇಕಿಲ್ಲ. ಶರಣರ ಹಾದಿಯಲ್ಲಿ ಅದು ಇರಬೇಕಾದದ್ದೇ.

ಪದವಿಯ ಓದು ನಡೆದದ್ದು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ. ಅದರ ಹಿಂದೆಯೂ ಒಂದು ದಾನದ ಕಥೆಯಿದೆ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ ಮುಂದೆ ತೆರೆದ ಕಾಲೇಜಿಗೆ ಅವರ ಹೆಸರೇ ನಿಂತಿತು. ಅಲ್ಲಿಂದ ಕಂಬಾರರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗಿ 1962ರಲ್ಲಿ ಎಂ.ಎ. ಮುಗಿಸಿದರು.

ಹೀಗೆ ಅಕ್ಷರದ ದಾರಿ ತೆರೆಯಿತು. ಅಕ್ಷರಕ್ಕೂ ಮೊದಲೇ ಅವರಿಗೆ ಇನ್ನೊಂದು ಪಾಠಶಾಲೆ ದೊರಕಿತ್ತು. ಅದು ಊರ ಮುಂದಿನ ಬಯಲು.

ಗೋಕಾಕ, ಹುಕ್ಕೇರಿ, ಬೈಲಹೊಂಗಲ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಅಥವಾ ಜಾತ್ರೆಯ ದಿನಗಳಲ್ಲಿ ರಾತ್ರಿಯಿಡೀ ನಡೆಯುವ ಆಟಗಳಿಗೆ ಒಟ್ಟಾರೆಯಾಗಿ ಬಯಲಾಟವೆಂದು ಹೆಸರು. ಅವುಗಳಲ್ಲಿ ಮುಖ್ಯವಾದವು ದೊಡ್ಡಾಟ, ಸಣ್ಣಾಟ ಮತ್ತು ಶ್ರೀಕೃಷ್ಣ ಪಾರಿಜಾತ. ನಮ್ಮ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕಡೆಯ ಓದುಗರಿಗೆ ಈ ಹೆಸರುಗಳು ತುಸು ದೂರವೆನಿಸಬಹುದು. ಕೋಲಾರ ಸೀಮೆಯ ಹಳ್ಳಿಗಳಲ್ಲಿ ಕೇಳಿಕೆ ಎಂದು ಕರೆಯುವ ಆಟವನ್ನು ಒಮ್ಮೆಯಾದರೂ ಕಂಡವರು ದೊಡ್ಡಾಟವನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು: ಕಿರೀಟ, ಭುಜಕೀರ್ತಿಗಳ ಭಾರಿ ವೇಷ, ಪುರಾಣದ ವಸ್ತು, ಹಿಂದೆ ನಿಂತು ಕಥೆ ನಡೆಸುವ ಭಾಗವತ, ಮದ್ದಳೆಯ ಗತ್ತಿಗೆ ನೆಲ ಅದುರುವ ಕುಣಿತ.

ಸಣ್ಣಾಟ ಬೇರೆ. ಅದರಲ್ಲಿ ಕಿರೀಟವಿಲ್ಲ. ಊರಿನವರು ದಿನವೂ ಉಡುವ ಧೋತರ, ಸೀರೆ, ರುಮಾಲುಗಳೇ ವೇಷ. ದೇವರು ರಾಕ್ಷಸರ ಬದಲು ಮನುಷ್ಯರ ಪ್ರೇಮ, ಮೋಸ, ಹಣ, ಕೊಲೆ, ಪಶ್ಚಾತ್ತಾಪ ಅದರ ವಸ್ತು. ಸಂಭಾಷಣೆ ಮುಗಿಯುವಲ್ಲಿ ಹಾಡು ಏಳುತ್ತದೆ, ಹಾಡಿನ ಕೊನೆಯ ಸೊಲ್ಲನ್ನು ಮೇಳದವರು ಎತ್ತಿಕೊಳ್ಳುತ್ತಾರೆ. ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯ ಪ್ರಸಂಗವನ್ನು ಆಧರಿಸಿ ಪತ್ತಾರ ಮಾಸ್ತರರು ಕಟ್ಟಿದ ‘ಸಂಗ್ಯಾ ಬಾಳ್ಯಾ’ ಈ ಪ್ರಕಾರದ ಬಹು ಪ್ರಸಿದ್ಧ ಆಟ. ಸಿರಿವಂತ ಸಂಗ್ಯಾ, ಅವನ ಗೆಳೆಯ ಬಾಳ್ಯಾ, ವ್ಯಾಪಾರಿ ಈರಣ್ಣ, ಅವನ ಹೆಂಡತಿ ಗಂಗೆ, ಇವರ ನಡುವಿನ ಕಥೆಯನ್ನು ಜನ ಮೊದಲೇ ಬಲ್ಲರು. ಆದರೂ ಪ್ರತಿಸಲ ಬೆಳಗಿನ ಜಾವದವರೆಗೆ ಕದಲದೆ ಕೂರುತ್ತಾರೆ. ಕಥೆ ಗೊತ್ತಿದ್ದೂ ನೋಡುವುದು, ಗೊತ್ತಿರುವುದರಿಂದಲೇ ನೋಡುವುದು ಬಯಲಾಟದ ಗುಟ್ಟು.

ಶ್ರೀಕೃಷ್ಣ ಪಾರಿಜಾತವಂತೂ ಆ ನೆಲದ ಮನೆಮಾತು. ಆಟವನ್ನು ರಂಗಕ್ಕೆ ಹೊಂದಿಸಿ ಬೆಳೆಸಿದ ಕುಲಗೋಡ ತಮ್ಮಣ್ಣ, ಅದರಲ್ಲಿ ಹೆಸರಾದ ಕಲಾವಿದೆ ಕೌಜಲಗಿ ನಿಂಗಮ್ಮ, ಇಬ್ಬರೂ ಗೋಕಾಕದ ಆಸುಪಾಸಿನವರು. ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರ ನಡುವೆ ಒಂದು ಹೂವಿಗಾಗಿ ಹುಟ್ಟುವ ಮುನಿಸು ಅದರ ಕಥೆ. ದೇವರ ಮನೆಯ ಜಗಳವನ್ನು ಊರ ಮನೆಯ ಜಗಳದಂತೆ ಆಡಿ ತೋರಿಸುವ ದೂತಿಯ ಮಾತಿಗೆ ನಗದವರಿಲ್ಲ. ದೇವರನ್ನು ಹೀಗೆ ಬಳಿಗೆ ಕರೆದುಕೊಂಡು ಮಾತಾಡಿಸುವ ಸಲುಗೆಯನ್ನು ಕಂಬಾರರು ಅಲ್ಲಿಯೇ ಕಲಿತಂತೆ ತೋರುತ್ತದೆ. ಮುಂದೆ ಅವರು ಬರೆದ ನಾಟಕಗಳಲ್ಲಿ ದೇವತೆಗಳು ಬೈಸಿಕೊಳ್ಳುತ್ತಾರೆ, ಸೋಲುತ್ತಾರೆ, ಮನುಷ್ಯರ ಎದುರು ಉತ್ತರ ಹೇಳಲಾರದೆ ನಿಲ್ಲುತ್ತಾರೆ. ಅದು ಅಗೌರವವಲ್ಲ. ಬಯಲಾಟ ಬಲ್ಲವರಿಗೆ ಅದು ಭಕ್ತಿಯ ಇನ್ನೊಂದು ನುಡಿಗಟ್ಟು.

ಆಟದ ಜೊತೆಗೆ ಲಾವಣಿ, ಗೀಗೀ ಪದ, ಡೊಳ್ಳಿನ ಪದ, ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿಯ ಪದ ಇವೆಲ್ಲವೂ ಬಾಲಕನ ಕಿವಿಗೆ ಬಿದ್ದವು. ಈಗಿನ ಮಕ್ಕಳಿಗೆ ಪಠ್ಯಪುಸ್ತಕದಲ್ಲಿ ಜಾನಪದವೆಂದು ಒಂದು ಪಾಠ ಇರುತ್ತದೆ. ಕಂಬಾರರ ತಲೆಮಾರಿಗೆ ಆ ಹೆಸರು ಗೊತ್ತಿರಲಿಲ್ಲ, ವಸ್ತು ಗೊತ್ತಿತ್ತು.

ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೇಲೆ ಅವರು ಆರಿಸಿಕೊಂಡ ಸಂಶೋಧನೆಯ ವಿಷಯ ಉತ್ತರ ಕರ್ನಾಟಕದ ಜಾನಪದ ರಂಗಭೂಮಿ. 1960ರ ದಶಕದಲ್ಲಿ ಈ ಆಯ್ಕೆಗೆ ಧೈರ್ಯ ಬೇಕಿತ್ತು. ಹಳಗನ್ನಡ ಕಾವ್ಯ, ಶಾಸನ, ವಚನಗಳ ಅಧ್ಯಯನಕ್ಕೆ ಮನ್ನಣೆಯಿದ್ದ ಕಾಲ. ರಾತ್ರಿಯಿಡೀ ಕುಣಿಯುವ ರೈತರ ಆಟಕ್ಕೆ ಪಿಎಚ್.ಡಿ.ಯೇ ಎಂದು ಹುಬ್ಬೇರಿಸುವವರು ಇದ್ದೇ ಇದ್ದರು. 1965ರಲ್ಲಿ ಪದವಿ ಬಂತು. ಅದಕ್ಕಾಗಿ ಊರೂರು ತಿರುಗಿ ಆಟಗಳನ್ನು ನೋಡಿದ್ದು, ಹಾಡುಗಳನ್ನು ಬರೆದುಕೊಂಡದ್ದು ಮುಂದೆ ‘ಬಣ್ಣೇಸಿ ಹಾಡವ್ವ ನನ್ನ ಬಳಗ’, ‘ಬಯಲಾಟಗಳು’, ‘ಉತ್ತರ ಕರ್ನಾಟಕದ ಜಾನಪದ ರಂಗಭೂಮಿ’ ಮೊದಲಾದ ಪುಸ್ತಕಗಳಾದವು. ‘ಸಂಗ್ಯಾ ಬಾಳ್ಯಾ’ದ ಪಠ್ಯವನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟವರೂ ಅವರೇ. 1985ರಲ್ಲಿ ಅವರ ಸಂಪಾದಕತ್ವದಲ್ಲಿ ‘ಕನ್ನಡ ಜಾನಪದ ವಿಶ್ವಕೋಶ’ ಎರಡು ಸಂಪುಟಗಳಲ್ಲಿ ಬಂತು. ಕನ್ನಡದ ಜಾನಪದ ಅಧ್ಯಯನಕ್ಕೆ ಈಗಲೂ ಅದು ಕೈಮರ.

ನಾಟಕಕಾರನೊಬ್ಬನ ಜೀವನಚರಿತ್ರೆಯಲ್ಲಿ ಈ ವಿದ್ವತ್ ಕೆಲಸಕ್ಕೆ ಇಷ್ಟು ಜಾಗ ಏಕೆಂದು ಕೇಳಬಹುದು. ಕಾರಣವಿದೆ. ಜಾನಪದದಿಂದ ಒಂದು ರಾಗ, ಒಂದು ಕುಣಿತ, ಒಂದು ಮುಖವಾಡ ಎತ್ತಿಕೊಂಡು ತಮ್ಮ ನಾಟಕಕ್ಕೆ ಅಂಟಿಸಿದವರು ಬಹಳ ಮಂದಿ. ಮೂಲದವರ ಹೆಸರು ಅಲ್ಲಿ ಉಳಿಯುವುದಿಲ್ಲ. ಕಂಬಾರರು ತಮ್ಮ ಹೊಸ ನಾಟಕ ಬರೆಯುವುದರ ಜೊತೆಜೊತೆಗೇ ಹಳೆಯ ಆಟಗಳನ್ನು ಹಳೆಯವರ ಹೆಸರಿನಲ್ಲಿಯೇ ಉಳಿಸಿಕೊಟ್ಟರು.

ಕಾವ್ಯದಲ್ಲಿ ಅವರು ಮೊದಲು ಗಮನ ಸೆಳೆದದ್ದು ‘ಹೇಳತೇನ ಕೇಳ’ ಎಂಬ ನೀಳ್ಗವಿತೆಯಿಂದ. ನವ್ಯ ಸಾಹಿತ್ಯ ಉಚ್ಛ್ರಾಯದಲ್ಲಿದ್ದ ದಿನಗಳವು. ಗೋಪಾಲಕೃಷ್ಣ ಅಡಿಗರ ಪ್ರಭಾವದಲ್ಲಿ ನಗರದ ಒಂಟಿ ಮನುಷ್ಯನ ಆತ್ಮಶೋಧನೆ ಕವಿತೆಯ ಮುಖ್ಯ ವಸ್ತುವಾಗಿತ್ತು. ಅಂಥ ಹೊತ್ತಿನಲ್ಲಿ ಈ ತರುಣ ಲಾವಣಿಯ ಧಾಟಿಯಲ್ಲಿ, ಬೆಳಗಾವಿ ಕಡೆಯ ಆಡುನುಡಿಯಲ್ಲಿ, ಶಿವಪುರವೆಂಬ ಹಳ್ಳಿಯ ಕಥೆ ಹೇಳಿದರು. ಊರಗೌಡನನ್ನು ಕೊಂದು ಅವನ ರೂಪ ತಾಳಿ ಬರುವ ರಾಕ್ಷಸನನ್ನು ಊರೇ ಗೌಡನೆಂದು ನಂಬುವ ಕಥೆಯದು. ಓದುವಾಗ ಜನಪದ ಕಥೆಯೆನಿಸುತ್ತದೆ. ಮುಗಿಸಿದ ಮೇಲೆ ಪರಕೀಯ ಆಳ್ವಿಕೆಯ ಕಥೆಯೆಂದು ಹೊಳೆಯುತ್ತದೆ. ಅದರ ಮುಂದುವರಿಕೆಯಂತಿರುವ ‘ಋಷ್ಯಶೃಂಗ’ ನಾಟಕದಲ್ಲಿ ಗೌಡನ ಮಗ ಮಳೆಯಿಲ್ಲದೆ ಬತ್ತಿದ ಅದೇ ಶಿವಪುರಕ್ಕೆ ಮರಳುತ್ತಾನೆ. ಅಂದಿನಿಂದ ಶಿವಪುರ ಅವರನ್ನು ಬಿಡಲಿಲ್ಲ. ಕಾದಂಬರಿಗಳಲ್ಲಿ, ನಾಟಕಗಳಲ್ಲಿ, ಕವಿತೆಗಳಲ್ಲಿ ಅದೇ ಊರು, ಅದೇ ಕರಿಮಾಯಿ ದೇವತೆ, ಅದೇ ಕೆರೆ ಮತ್ತೆ ಮತ್ತೆ ಬರುತ್ತವೆ.

1968-69ರಲ್ಲಿ ಕಂಬಾರರು ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅಲ್ಲಿಂದ ಮರಳಿದ ಮೇಲೆ ಎರಡು ದಶಕಗಳಿಗೂ ಮೀರಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಅವರಿಗೆ ಅಖಿಲ ಭಾರತ ಮಟ್ಟದ ಕೀರ್ತಿ ತಂದ ‘ಜೋಕುಮಾರಸ್ವಾಮಿ’ ರಂಗವೇರಿದ್ದು ಬೆಂಗಳೂರಿನಲ್ಲಿಯೇ, 1972ರಲ್ಲಿ.

ಈ ನಾಟಕವನ್ನು ಅರಿಯಲು ಜೋಕುಮಾರನನ್ನು ಅರಿಯಬೇಕು. ಭಾದ್ರಪದದಲ್ಲಿ ಗಣಪತಿಯ ಹಬ್ಬ ಮುಗಿಯುತ್ತಿದ್ದಂತೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಕುಮಾರ ಹುಟ್ಟುತ್ತಾನೆ. ಅಂಬಿಗರ ಹೆಣ್ಣುಮಕ್ಕಳು ಅವನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿ, ತಲೆಯ ಮೇಲೆ ಹೊತ್ತು, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಮನೆಯವರು ಅವನ ತುಟಿಗೆ ಬೆಣ್ಣೆ ಸವರಿ ಮೊರದಲ್ಲಿ ಕಾಳು ನೀಡುತ್ತಾರೆ. ಅವನ ಆಯುಸ್ಸು ಏಳೇ ದಿನ. ಹುಣ್ಣಿಮೆಯ ರಾತ್ರಿ ಅವನು ಹತನಾಗುತ್ತಾನೆ, ಹಳ್ಳದ ಪಾಲಾಗುತ್ತಾನೆ. ಅವನ ಸಾವಿನಿಂದ ಮಳೆ ಬೆಳೆ ಸಮೃದ್ಧವಾಗುತ್ತದೆಂದು ನಂಬಿಕೆ. ಮಕ್ಕಳಿಲ್ಲದವರು ಅವನಿಗೆ ಹರಕೆ ಹೊರುತ್ತಾರೆ. ಹಳ್ಳಿಯ ಹಿರಿಯರು ಇನ್ನೊಂದು ಕಥೆ ಹೇಳುವುದುಂಟು. ಭೂಲೋಕಕ್ಕೆ ಬಂದ ಗಣಪ ಕಡುಬು ಉಂಡು ಹೋಗಿ, ಜನ ಸುಖವಾಗಿದ್ದಾರೆಂದು ಶಿವಪಾರ್ವತಿಯರಿಗೆ ವರದಿ ಒಪ್ಪಿಸುತ್ತಾನಂತೆ. ಆಮೇಲೆ ಬಂದ ಜೋಕುಮಾರ ಬಡವರ ಕೇರಿಗಳನ್ನೆಲ್ಲ ಸುತ್ತಿ, ಮಳೆಯಿಲ್ಲ, ಕಾಳಿಲ್ಲ ಎಂಬ ಸತ್ಯವನ್ನು ಹೇಳುತ್ತಾನಂತೆ. ಶಿವನು ಮಳೆ ಕಳುಹಿಸುವುದು ಎರಡನೆಯ ವರದಿ ತಲುಪಿದ ಮೇಲೆ.

ಕಂಬಾರರ ನಾಟಕದಲ್ಲಿ ಊರಿನ ಗೌಡನಿಗೆ ಭೂಮಿಯಿದೆ, ಬಂದೂಕಿದೆ, ಅಧಿಕಾರವಿದೆ, ಸಂತಾನಶಕ್ತಿಯಿಲ್ಲ. ಗೌಡತಿ ಮಗುವಿಗಾಗಿ ಜೋಕುಮಾರನ ಹರಕೆ ಹೊತ್ತು, ಪಡವಲಕಾಯಿಯ ರೂಪದಲ್ಲಿ ಅವನನ್ನು ಪೂಜಿಸಿ, ಅಡುಗೆ ಮಾಡಿ ಗಂಡನಿಗೆ ಉಣಿಸಲು ಹೊರಡುತ್ತಾಳೆ. ಆ ಅಡುಗೆಯನ್ನು ಉಣ್ಣುವವನು ಬಸಣ್ಣ, ತಾನು ಉತ್ತ ಹೊಲ ತನ್ನದೆಂದು ಗೌಡನ ಎದುರು ನಿಂತ ರೈತ. ಗೌಡತಿ ಬಸಿರಾಗುತ್ತಾಳೆ. ಗೌಡನ ಆಳುಗಳ ಕೈಯಲ್ಲಿ ಬಸಣ್ಣ ಜೋಕುಮಾರನಂತೆಯೇ ಹತನಾಗುತ್ತಾನೆ. ನೆಲ ಯಾರದು, ಉತ್ತವನದೋ ಹೆಸರಿಗೆ ಒಡೆಯನಾದವನದೋ ಎಂಬ ಪ್ರಶ್ನೆ ಆಚರಣೆಯೊಳಗಿನಿಂದಲೇ ಏಳುತ್ತದೆ. ಹೊರಗಿನಿಂದ ತಂದು ಹೇರಿದ ಘೋಷಣೆ ಒಂದೂ ಇಲ್ಲ. ಉಳುವವನಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣೆಯ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1974ರಲ್ಲಿ ಎಂಬುದನ್ನು ನೆನೆದರೆ, ಆ ನಾಟಕವನ್ನು ಅಂದು ನೋಡಿದವರಿಗೆ ಅದು ಎಷ್ಟು ಹತ್ತಿರದ ಮಾತಾಗಿತ್ತೆಂದು ತಿಳಿಯುತ್ತದೆ.

ಶೃಂಗಾರದ ಮಾತು, ಸೂಳೆಯ ಪಾತ್ರ, ಒರಟು ಹಾಸ್ಯ ಇವುಗಳಿಂದ ಈ ನಾಟಕ ಮಡಿವಂತರಿಗೆ ಮುಜುಗರ ತರುವಂಥದು. ಭಕ್ತಾದಿಗಳಲ್ಲಿ ಕೆಲವರಿಗೂ ಹಾಗೆ ಅನ್ನಿಸಬಹುದು. ಜೋಕುಮಾರನ ಹಾಡುಗಳನ್ನು ಹಾಡುತ್ತ ಬರುವ ತಾಯಂದಿರ ಬಾಯಲ್ಲಿ ಅದಕ್ಕಿಂತ ಬಿಚ್ಚುಮಾತು ಕೇಳಿದ ನೆನಪಿದ್ದವರು ಮಾತ್ರ ನಕ್ಕು ಸುಮ್ಮನಾಗುತ್ತಾರೆ. ಫಲವಂತಿಕೆಯ ಆಚರಣೆಯಲ್ಲಿ ಆ ಮಾತಿಗೆ ಒಂದು ಪಾವಿತ್ರ್ಯವಿದೆ. ಅದನ್ನು ತೆಗೆದುಹಾಕಿದರೆ ಜೋಕುಮಾರ ಬರಿಯ ಮಣ್ಣಿನ ಗೊಂಬೆ.

ಬಿ.ವಿ. ಕಾರಂತರು ನಾಟಕವನ್ನು ನಿರ್ದೇಶಿಸಿದರು. ಗಿರೀಶ ಕಾರ್ನಾಡರು ಅದರಲ್ಲಿ ಅಭಿನಯಿಸಿದರು, ಕಂಬಾರರೂ ರಂಗದ ಮೇಲಿದ್ದರು. ಯಕ್ಷಗಾನದ ಮೇಳದೊಳಗಿಂದ ಕಥೆ ಹೇಳುವ ಕಾರ್ನಾಡರ ‘ಹಯವದನ’ ಅದರ ಹಿಂದಿನ ವರ್ಷವಷ್ಟೇ ಪ್ರಕಟವಾಗಿತ್ತು. ಮರಾಠಿಯಲ್ಲಿ ವಿಜಯ ತೆಂಡೂಲ್ಕರರ ‘ಘಾಶೀರಾಮ ಕೋತ್ವಾಲ’ ಬಂದದ್ದು ಅದೇ 1972ರಲ್ಲಿ. ಛತ್ತೀಸಗಢದ ಹಳ್ಳಿಯ ಕಲಾವಿದರನ್ನು ಕಟ್ಟಿಕೊಂಡು ಹಬೀಬ ತನ್ವೀರರು ‘ಚರಣದಾಸ ಚೋರ’ ಆಡಿಸಿದ್ದು 1975ರಲ್ಲಿ. ದೇಶದ ರಂಗಭೂಮಿ ತನ್ನ ಬೇರುಗಳ ಕಡೆ ತಿರುಗಿದ್ದ ಕಾಲವದು. ಈ ಸಾಲಿನಲ್ಲಿ ಕಂಬಾರರ ಸ್ಥಾನ ತುಸು ಬೇರೆ. ಉಳಿದವರಲ್ಲಿ ಹೆಚ್ಚಿನವರು ನಗರದಿಂದ ಹಳ್ಳಿಯ ಕಲೆಯ ಕಡೆ ನಡೆದು ಹೋದವರು. ಕಂಬಾರರು ಹಳ್ಳಿಯಿಂದಲೇ ಹೊರಟು ಅದನ್ನು ಹೆಗಲ ಮೇಲೆ ಹೊತ್ತು ನಗರಕ್ಕೆ ಬಂದವರು. ಅವರ ಸೂತ್ರಧಾರ, ಹಿಮ್ಮೇಳಗಳು ನಾಟಕದ ತಂತ್ರವೆನಿಸದೆ ಊರಿನ ನೆರೆಹೊರೆಯವರಂತೆ ಕಾಣುವುದು ಇದರಿಂದಲೇ ಇರಬೇಕು.

ಆ ಬಳಿಕ ಬಂದ ನಾಟಕಗಳು ಹಲವು. ‘ಜೈಸಿದನಾಯಕ’, ‘ಕಿತ್ತೂರ ಕಥೆ’, ‘ಕಾಡುಕುದುರೆ’, ‘ಹುಲಿಯ ನೆರಳು’, ‘ಹರಕೆಯ ಕುರಿ’ ಇವುಗಳಲ್ಲಿ ಕೆಲವು. ಟಾಲ್‌ಸ್ಟಾಯ್ ಬರೆದ ದಡ್ಡ ಇವಾನನ ಕಥೆಯನ್ನು ಕನ್ನಡದ ಹಳ್ಳಿಗೆ ಒಗ್ಗಿಸಿದ ‘ಬೆಪ್ಪುತಕ್ಕಡಿ ಬೋಳೇಶಂಕರ’ ಶಾಲಾ ಮಕ್ಕಳಿಂದ ಹಿಡಿದು ಹವ್ಯಾಸಿ ತಂಡಗಳವರೆಗೆ ಎಲ್ಲರೂ ಆಡುವ ನಾಟಕ. ರಷ್ಯಾದ ಕಥೆಯೆಂದು ಹೇಳದಿದ್ದರೆ ಯಾರಿಗೂ ತಿಳಿಯದು.

ಎರಡು ನಾಟಕಗಳ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು. ಮೊದಲನೆಯದು 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಸಿರಿಸಂಪಿಗೆ’. ತನ್ನೊಳಗಿನ ಚೆಲುವೆಯನ್ನೇ ವರಿಸಬೇಕೆಂಬ ಹಟದಿಂದ ರಾಜಕುಮಾರನೊಬ್ಬ ತನ್ನ ದೇಹವನ್ನು ಎರಡಾಗಿ ಸೀಳಿಸಿಕೊಳ್ಳುತ್ತಾನೆ. ಒಂದು ಪಾಲು ರಾಜಕುಮಾರನಾಗಿಯೇ ಉಳಿದರೆ ಇನ್ನೊಂದು ಸರ್ಪವಾಗುತ್ತದೆ. ಮದುವೆಯಾಗಿ ಬಂದ ಸಂಪಿಗೆಯನ್ನು ಗಂಡ ಒಲಿಯುವುದಿಲ್ಲ, ಸರ್ಪ ಒಲಿಯುತ್ತದೆ. ಅಜ್ಜಿಯರು ಹೇಳುವ ಹಾವಿನ ಕಥೆಯೊಂದು ಇಲ್ಲಿ, ತನ್ನನ್ನು ತಾನೇ ಒಡೆದುಕೊಂಡ ಮನಸ್ಸಿನ ಕಥೆಯಾಗುತ್ತದೆ.

ಎರಡನೆಯದು ‘ಮಹಾಮಾಯಿ’. ಸಾವಿನ ದೇವತೆಯೇ ಸಾಕಿದ ಮಗ ಸಂಜೀವಶಿವ, ವೈದ್ಯ. ತಾಯಿ ರೋಗಿಯ ಬಲಕ್ಕೆ ನಿಂತರೆ ಅವನು ಮದ್ದು ಕೊಡಬಹುದು, ಎಡಕ್ಕೆ ನಿಂತರೆ ಕೈಬಿಡಬೇಕು. ಇಷ್ಟೇ ಒಪ್ಪಂದ. ರಾಜಕುಮಾರಿಯೊಬ್ಬಳ ಹಾಸಿಗೆಯ ಎಡಕ್ಕೆ ತಾಯಿ ನಿಂತ ದಿನ ಮಗ ಆ ಮಾತನ್ನು ಮೀರುತ್ತಾನೆ. ಪ್ರೀತಿ ಹೆಚ್ಚೋ ವಿಧಿ ಹೆಚ್ಚೋ ಎಂಬ ಹಳೆಯ ಪ್ರಶ್ನೆಯನ್ನು ಇಷ್ಟು ಸರಳವಾಗಿ, ಒಂದು ಮಂಚದ ಎಡಬಲಗಳಲ್ಲಿ, ರಂಗದ ಮೇಲೆ ಕಣ್ಣಿಗೆ ಕಟ್ಟಿಸಿದ ಇನ್ನೊಂದು ಕನ್ನಡ ನಾಟಕವನ್ನು ಈ ಲೇಖಕನು ಕಾಣೆ.

ನಿರ್ದೇಶಕರಾಗಿ ಕಂಬಾರರು ಹೆಚ್ಚು ಪರಿಚಿತರಾದದ್ದು ಚಲನಚಿತ್ರದಲ್ಲಿ. ‘ಕರಿಮಾಯಿ’, ‘ಕಾಡುಕುದುರೆ’, ‘ಸಂಗೀತಾ’ ಚಿತ್ರಗಳನ್ನು ಅವರೇ ನಿರ್ದೇಶಿಸಿದರು. ‘ಕಾಡುಕುದುರೆ’ಯ ಶೀರ್ಷಿಕೆ ಗೀತೆಯನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕರೆಂದು ರಾಷ್ಟ್ರಪ್ರಶಸ್ತಿ ಬಂತು. ಬೆಳಗಾವಿ ಸೀಮೆಯ ಮಟ್ಟು ಹಾಗೆ ಆಕಾಶವಾಣಿಯ ಮೂಲಕ ದಕ್ಷಿಣದ ಮನೆಮನೆಗೂ ತಲುಪಿತು. ಸಣ್ಣಾಟವೆಂದರೇನೆಂದು ಅರಿಯದವರೂ ಅದರ ಲಯವನ್ನು ಗುನುಗಿದರು. ‘ಹರಕೆಯ ಕುರಿ’ ಮತ್ತು ‘ಸಿಂಗಾರೆವ್ವ ಮತ್ತು ಅರಮನೆ’ ಕೃತಿಗಳನ್ನು ಬೇರೆ ನಿರ್ದೇಶಕರು ತೆರೆಗೆ ತಂದರು. ಚಿತ್ರಗಳಿಗಿಂತ ನಾಟಕಗಳಲ್ಲಿಯೇ ಕಂಬಾರರ ಕಸುವು ಹೆಚ್ಚು ಕಾಣುತ್ತದೆಂಬುದು ನಮ್ಮ ಅಭಿಪ್ರಾಯ. ಬಯಲಾಟಕ್ಕೆ ಎದುರಿಗೆ ಕೂತ ಜನ ಬೇಕು. ತೆರೆಯ ಮೇಲಿನ ಸೂತ್ರಧಾರನಿಗೆ ಅವರು ಕಾಣುವುದಿಲ್ಲ.

ಶರಣರ ಕಲ್ಯಾಣವನ್ನು ವಸ್ತುವಾಗಿಸಿಕೊಂಡು ಕಂಬಾರರು ಬರೆದ ನಾಟಕ ‘ಶಿವರಾತ್ರಿ’. ಹನ್ನೆರಡನೆಯ ಶತಮಾನದ ಆ ಬಿಕ್ಕಟ್ಟು ಕನ್ನಡ ನಾಟಕಕಾರರನ್ನು ಬಿಡದೆ ಕಾಡಿದೆ. ಪಿ. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಒಂದೊಂದೂ ಒಂದೊಂದು ದಿಕ್ಕಿನಿಂದ ಕಲ್ಯಾಣವನ್ನು ನೋಡಿದವು. ಅವುಗಳ ಬಗ್ಗೆ ಸಮಾಜದಲ್ಲಿ ಚರ್ಚೆಯೂ ನಡೆಯಿತು, ಕೆಲವೊಮ್ಮೆ ಅಸಮಾಧಾನವೂ ಎದ್ದಿತು. ಬಹುಕಾಲದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕಂಬಾರರು ಅದೇ ವಸ್ತುವಿಗೆ ಕೈಹಾಕಿದರು. ಸಾವಳಗಿಯ ಮಠದ ಆಶ್ರಯದಲ್ಲಿ ಓದಿದ ಹುಡುಗ ಕೊನೆಗೂ ಕಲ್ಯಾಣಕ್ಕೆ ಬಂದನೆಂದು ನಾವು ಸಂತೋಷಪಡಬಹುದು. ನಾಟಕವನ್ನು ಅದರ ಗುಣದೋಷಗಳಿಂದಲೇ ಅಳೆಯುವ ಹೊಣೆ ಅಷ್ಟರಿಂದ ತಪ್ಪುವುದಿಲ್ಲ. ವಚನಗಳಷ್ಟು ನೇರವಾಗಿ ಮಾತಾಡುವ ಸಾಹಿತ್ಯದ ಎದುರು ಯಾವ ನಾಟಕಕಾರನ ಬಸವಣ್ಣನೂ ತುಸು ಮಂಕಾಗಿ ಕಾಣುತ್ತಾನೆ. ಅದು ನಾಟಕಕಾರರ ತಪ್ಪೇನೂ ಅಲ್ಲ.

ಪ್ರಶಸ್ತಿ ಪದವಿಗಳ ಮಾತನ್ನು ಇಲ್ಲಿಯೇ ಮುಗಿಸೋಣ. 1980ರಿಂದ 1983ರವರೆಗೆ ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1983ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ, 2021ರಲ್ಲಿ ಪದ್ಮಭೂಷಣ ಬಂದವು. 1996ರಿಂದ 2000ದವರೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರಾಗಿದ್ದರು. ರಾಜ್ಯದ ವಿಧಾನ ಪರಿಷತ್ತಿನಲ್ಲಿ ಸದಸ್ಯರಾಗಿದ್ದು, ಮಕ್ಕಳ ಮೊದಲ ಕಲಿಕೆ ಕನ್ನಡದಲ್ಲಿಯೇ ಆಗಬೇಕೆಂದು ವಾದಿಸುತ್ತ ಬಂದರು. 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಪೀಠದಲ್ಲಿ ಕುಳಿತ ಕನ್ನಡಿಗರಲ್ಲಿ ವಿ.ಕೃ. ಗೋಕಾಕ ಮತ್ತು ಯು.ಆರ್. ಅನಂತಮೂರ್ತಿಯವರ ನಂತರ ಇವರು ಮೂರನೆಯವರು. 2019ರ ಜನವರಿಯಲ್ಲಿ ಧಾರವಾಡದಲ್ಲಿ ಜರುಗಿದ 84ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಸರ್ವಾಧ್ಯಕ್ಷರೂ ಅವರೇ. ಎಂ.ಎ. ಓದಿದ ಊರಿನಲ್ಲಿ ಆ ಮೆರವಣಿಗೆ ನಡೆಯಿತು.

ಇವೆಲ್ಲಕ್ಕಿಂತ ಮಿಗಿಲಾದದ್ದು ಹಂಪಿಯ ಕೆಲಸ. ಕನ್ನಡಕ್ಕೆಂದೇ ಒಂದು ವಿಶ್ವವಿದ್ಯಾಲಯ 1991ರಲ್ಲಿ ಸ್ಥಾಪಿತವಾದಾಗ ಅದಕ್ಕೆ ಕಟ್ಟಡವಿರಲಿಲ್ಲ, ಪರಂಪರೆಯಿರಲಿಲ್ಲ. ಮೊದಲ ಕುಲಪತಿಯಾಗಿ ಕಂಬಾರರು ಹಂಪಿಯ ಬಳಿಯ ಬಯಲಿನಲ್ಲಿ ಅದನ್ನು ಕಲ್ಲಿನಿಂದ ಕಟ್ಟಿಸಿದರು. ಸುತ್ತಲಿನ ಬಂಡೆಗಳ ನಡುವೆ ಆ ಕಟ್ಟಡಗಳು ಅಲ್ಲಿಯೇ ಬೆಳೆದವೇನೋ ಎಂಬಂತೆ ನಿಂತಿವೆ. ಹೆಸರುಗಳೂ ಕನ್ನಡದವೇ: ಗ್ರಂಥಾಲಯಕ್ಕೆ ‘ಅಕ್ಷರ’, ಆಡಳಿತ ಭವನಕ್ಕೆ ‘ಕ್ರಿಯಾಶಕ್ತಿ’, ಘಟಿಕೋತ್ಸವಕ್ಕೆ ‘ನುಡಿಹಬ್ಬ’. ಬುಡಕಟ್ಟುಗಳ ಬದುಕು, ಮೌಖಿಕ ಕಾವ್ಯ, ಹಳ್ಳಿಯ ಕುಶಲ ಕಸುಬುಗಳು ಅಲ್ಲಿ ಅಧ್ಯಯನದ ವಿಷಯಗಳಾದವು. ಮೂವತ್ತು ವರ್ಷಗಳ ಹಿಂದೆ ಹುಬ್ಬೇರಿಸುತ್ತಿದ್ದವರಿಗೆ ಅದು ಸಾವಧಾನದ ಉತ್ತರ.

ಆ ವಿಶ್ವವಿದ್ಯಾಲಯ ಕೊಡುವ ಗೌರವ ಪದವಿಗೆ ‘ನಾಡೋಜ’ ಎಂದು ಹೆಸರಿಟ್ಟರು. ನಾಡಿಗೆ ಉಪಾಧ್ಯಾಯನಾದವನು ಎಂಬುದು ಅದರ ಅರ್ಥ. ಪಂಪನ ಕಾಲದಿಂದ ಬಂದ ಮಾತು. ದೊಡ್ಡ ವಿದ್ವಾಂಸರು, ಸಾಹಿತಿಗಳು, ವಿಜ್ಞಾನಿಗಳು ಆ ಪದವಿಯನ್ನು ಸ್ವೀಕರಿಸಿದ್ದಾರೆ. ಮುಂದಿನ ವರ್ಷಗಳಲ್ಲಿ ಅದೇ ವೇದಿಕೆಯ ಮೇಲೆ, ಅಕ್ಷರವನ್ನೇ ಕಲಿಯದ, ಸಾವಿರಾರು ಸಾಲುಗಳ ಕಥನಗಳನ್ನು ನೆನಪಿನಲ್ಲಿಯೇ ಹೊತ್ತು ಊರೂರು ತಿರುಗಿ ಹಾಡಿದ ಬುರ್ರಕಥೆಯ ದರೋಜಿ ಈರಮ್ಮನವರನ್ನೂ ಕರೆದು ನಾಡೋಜರೆಂದು ಗೌರವಿಸಲಾಯಿತು.